ಅವ್ವ ಹತ್ತದ ಜೇಜುರಿ

ನಮ್ಮ ಬಳಗದಲ್ಲಿ ಯಾರದೇ ಮದುವೆಯಾಗಲಿ, ಅದರ ಕೊನೆಯ ಗದ್ದಲ ಪುಣೆಯ ನಮ್ಮ ಮನೆಯಲ್ಲೇ. ಮನೆದೇವರು ಜೇಜುರಿಯ ಖಂಡೋಬ. ಹೊಸ ಜೋಡಿ ಅವನ ದರ್ಶನ ಮಾಡದೆ ಸಂಸಾರ ಹೂಡುವಂತಿಲ್ಲ. ವಿಜಾಪುರ, ಬಾಗಲಕೋಟೆ ಕಡೆಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಿಗ್ಗೆ ಪೇಟೆಯೊಳಗಿನ ನಮ್ಮ ಎರಡು ಖೋಲಿಯ ಮನೆಗೆ ಬಂದಿಳಿಯುತ್ತಿದ್ದರು. ಮದುಮಕ್ಕಳ ಹಿಂದೆ ಅತ್ತೆ, ಮಾವ, ಸೋದರತ್ತೆ, ಜೊತೆಗೆ ಸುಮ್ಮನೆ ಪುಣೆ ನೋಡಲೆಂದು ಹೊರಟ ಯಾರೋ ಒಬ್ಬರು. ಬರುತ್ತೇವೆಂದು ಮೊದಲೇ ತಿಳಿಸುವ ಸೌಜನ್ಯವೂ ಎಷ್ಟೋ ಜನರಿಗಿರಲಿಲ್ಲ. "ಇದೇನು ಮನೀನೋ ಛತ್ರಾನೋ?" ಎಂದು ನಾನು ಮುಖ ಗಂಟಿಕ್ಕಿದರೆ ಅವ್ವ "ಸುಮ್ನಿರ, ಕೇಳಿಸ್ತದ" ಎಂದು ಗದರುತ್ತಿದ್ದಳು.

ಅವರ ಸ್ನಾನ ಮುಗಿಯುವಷ್ಟರಲ್ಲಿ ಅವ್ವನ ಚಪಾತಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಡಬ್ಬಿ ಸೇರಿರುತ್ತಿದ್ದವು. ಸಂಜೆ ಅವರು ದೇವರ ಭಂಡಾರದ ಅರಿಶಿನದಲ್ಲಿ ಮಿಂದು ಮರಳುವಾಗ ಬಿಸಿ ಅನ್ನ, ಸಾರು ಸಿದ್ಧ. ಅವರ ಬಟ್ಟೆಗಳಿಂದ ಉದುರಿದ ಭಂಡಾರಕ್ಕೆ ಅವ್ವ ಕಸಬರಿಗೆ ತಾಗಿಸುತ್ತಿರಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಿಗಂಟಿದ್ದನ್ನು ಹಣೆಗೆ ಹಚ್ಚಿಕೊಂಡು, ಆ ನೀರನ್ನು ತುಳಸಿಗೆ ಹಾಕುತ್ತಿದ್ದಳು.

ಅವಳು ಮಾತ್ರ ಜೇಜುರಿಗೆ ಹೋಗಿಯೇ ಇರಲಿಲ್ಲ. ಅವಳ ಮದುವೆಯಾದಾಗ ಅಪ್ಪ ಗುಮಾಸ್ತರಾಗಿದ್ದ ಬಟ್ಟೆ ಅಂಗಡಿಯಲ್ಲಿ ಲಗ್ನಸರಾಯಿಯ, ಅಂದರೆ ಮದುವೆ ಹಂಗಾಮಿನ, ವ್ಯಾಪಾರ ಜೋರಿತ್ತು, ರಜೆ ಸಿಗಲಿಲ್ಲ. ಆಮೇಲೆ ಬಾಣಂತನಗಳು, ಹಾಸಿಗೆ ಹಿಡಿದ ಅತ್ತೆ, ಮಕ್ಕಳ ಶಾಲೆ. ತೊಂಬತ್ತರ ದಶಕದಲ್ಲಿ, ಅಪ್ಪ ಅಂಗಡಿ ಬಿಟ್ಟು ಮನೆಯಲ್ಲಿ ಕೂತ ಮೇಲೂ, ಚಹಾ ಕೊಡುವಾಗ ಅವ್ವ ನೆನಪಿಸುತ್ತಿದ್ದಳು.

"ರೀ, ನಮ್ದೊಂದು ಹಂಗ ಉಳದದ ನೋಡ್ರಿ."

"ಜೇಜುರಿ ಏನ ಓಡಿ ಹೋಗ್ತದೇನು? ಮುಂದಿನ ವಾರ ಹೋಗೂಣು ತಗೋ."

ಮುಂದಿನ ವಾರ ಯಾರದೋ ಜೋಡಿ ಬಂದಿಳಿಯುತ್ತಿತ್ತು. ಹೋದವರು ಹಸಿದು ಬರುತ್ತಾರೆ, ಮನೆಯಲ್ಲಿ ಒಬ್ಬರು ಇರಬೇಕಲ್ಲ! ಆ ಒಬ್ಬರು ಅವ್ವನೇ ಆಗಬೇಕಿಲ್ಲ ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ನಾನು ಆಗಲೇ ಕೆಲಸಕ್ಕೆ ಹೋಗುತ್ತಿದ್ದವಳು, ಸಾರು ಕುದಿಸಲು ಬಾರದ ಕೂಸಲ್ಲ. ಬಂದವರ ಮೇಲೆ ಸಿಡಿಮಿಡಿಗೊಳ್ಳುವ ಬದಲು ಒಂದು ದಿನ ಒಲೆಯ ಮುಂದೆ ನಿಂತಿದ್ದರೆ ಅಪ್ಪ ಅವ್ವ ಇಬ್ಬರೂ ಹೋಗಿಬರುತ್ತಿದ್ದರು. ಎಷ್ಟು ಸಣ್ಣ ಕೆಲಸವದು!

ಆ ದಶಕ ಮುಗಿಯುವ ಮೊದಲೇ ಅಪ್ಪ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಜೇಜುರಿಯ ಮಾತನ್ನು ಅವ್ವ ಮತ್ತೆ ಎತ್ತಲಿಲ್ಲ. ಬಂದವರಿಗೆ ಡಬ್ಬಿ ಕಟ್ಟುವುದನ್ನು ಮಾತ್ರ ಬಿಡಲಿಲ್ಲ.

ಕೆಲವು ವರ್ಷಗಳ ನಂತರ, ವಿಮಾನ ನಗರದ ಕಚೇರಿಗೆ ಓಡಾಡಲೆಂದು ನಾನೊಂದು ಸಣ್ಣ ಕಾರು ಕೊಂಡೆ. ಎಂಬತ್ತರ ಅಂಚಿನಲ್ಲಿದ್ದ ಅವ್ವನನ್ನು ಹಟ ಹಿಡಿದು ಜೇಜುರಿಗೆ ಕರೆದೊಯ್ದೆ. ಡಬ್ಬಿಯೂ ಬಂತು. ಗುಡ್ಡದ ಮೇಲಿನ ಗುಡಿಯ ಮೆಟ್ಟಿಲುಗಳ ಬುಡಕ್ಕೆ ಬಂದದ್ದೇ ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು.

"ಡೋಲಿ ಸಿಗ್ತದವ್ವಾ. ಹೊತಗೊಂಡು ಹೋಗ್ತಾರ, ನೀ ಸುಮ್ನ ಕೂತರ ಆತು."

"ಬ್ಯಾಡ. ನೀ ಹೋಗಿ ಕೈ ಮುಗದು ಬಾ. ಜೋಡೀಲೆ ಬರ್ತೀನಿ ಅಂತ ಬೇಡ್ಕೊಂಡಿದ್ದೆ. ಈಗ ಒಬ್ಬಾಕಿ ಹೋಗಿ ಏನಂತ ಹೇಳ್ಲಿ ದೇವರಿಗೆ?"

ಎಷ್ಟು ಕಾಡಿದರೂ ಜಗ್ಗಲಿಲ್ಲ. ಸಿಟ್ಟಿನಲ್ಲೇ ಹತ್ತಿದೆ, ಸಿಟ್ಟಿನಲ್ಲೇ ಕೈ ಮುಗಿದೆ. ಹಸಿದು ಕೆಳಗಿಳಿದರೆ ನಮ್ಮ ಡಬ್ಬಿ ಖಾಲಿ! ಅವ್ವನ ಎದುರು ಹೊಸ ಜೋಡಿಯೊಂದು ಕೈ ತೊಳೆಯುತ್ತಿತ್ತು.

"ನಮ್ಮ ಕಡೆಯವರ ಅದಾರ, ಪಾಪ," ಎಂದಳು ಅವ್ವ. "ನಸಿಕಲೇ ಬಸ್ ಹತ್ಯಾರಂತ. ಹಸಗೊಂಡು ಹ್ಯಾಂಗ ಹತ್ತತಾರ?"

ಹೊಸ ಗಂಡ ಹೆಂಡತಿಯನ್ನು ಎತ್ತಿಕೊಂಡು ಮೊದಲ ಕೆಲವು ಮೆಟ್ಟಿಲು ಹತ್ತುವುದು ಅಲ್ಲಿಯ ಪದ್ಧತಿ. ಆ ಹುಡುಗ ನಾಚುತ್ತಲೇ ಹೆಂಡತಿಯನ್ನೆತ್ತಿಕೊಂಡ. ಸುತ್ತಲಿನವರು "ಯೇಳಕೋಟ" ಎಂದು ಖಂಡೋಬನ ಜಯಕಾರ ಕೂಗಿದರು. ಮೂರನೆಯ ಮೆಟ್ಟಿಲಿಗೇ ಅವನ ಕಾಲು ತತ್ತರಿಸಿತು, ಎಲ್ಲರೂ ನಕ್ಕರು, ನಾನೂ ನಕ್ಕೆ.

ಅವ್ವ ನಗಲಿಲ್ಲ. ಅವರನ್ನೇ ನೋಡುತ್ತ, "ನಿಮ್ಮಪ್ಪಾರು ಆಗ ಭಾಳ ಗಟ್ಟಿ ಇದ್ರು," ಎಂದಳು. "ನಾನೂ ಅಷ್ಟೇನ ಭಾರ ಇದ್ದಿಲ್ಲ."