ಕಡಿದ ಬಳ್ಳಿಯ ದ್ರಾಕ್ಷಿ

ನನಗೆ ಆಗ ಇಪ್ಪತ್ತೆಂಟು ವರ್ಷ. ಆ ಮಾತಿಗೆ ಈಗ ನಲವತ್ತೈದು ವರ್ಷವಾಯಿತು. ಮೊನ್ನೆ ಸೊಸೆ ಅಟ್ಟ ಗುಡಿಸುವಾಗ ದೊಡ್ಡ ಭರಣಿಯನ್ನು ಕೆಳಗಿಳಿಸಿ, ಇದರಲ್ಲಿ ಮಾವಿನ ಮಿಡಿ ಹಾಕಲಾ ಅಮ್ಮಚ್ಚೀ ಎಂದು ಕೇಳಿದಳು. ನಾನು ಮುಚ್ಚಳ ತೆಗೆದು ಮೂಗು ಒಳಗಿಟ್ಟೆ. ಮೊದಲು ಹಲ್ಲಿ ಹಿಕ್ಕೆಯ ವಾಸನೆ. ಅದರ ಅಡಿಯಲ್ಲಿ ಹುಳಿ ದ್ರಾಕ್ಷಿಯದ್ದು. ನಾನು ಅಲ್ಲೇ ಕುಳಿತುಬಿಟ್ಟೆ. ಮೊಣಕಾಲು ನೋವೆಂದು ಸೊಸೆ ತಿಳಿದುಕೊಂಡಳು. ಅದೂ ಇತ್ತೆನ್ನಿ.

ನಮ್ಮವರು ಕೊಟ್ಟಾಯಂ ಕಡೆಯಿಂದ ಕಾಡು ಕಡಿದು ಕೃಷಿ ಮಾಡಲು ಬಂದವರು. ನಾನು ಹುಟ್ಟಿದ್ದು ನೆಲ್ಯಾಡಿಯಲ್ಲಿ, ಕನ್ನಡ ಶಾಲೆಯಲ್ಲಿ ಕುಳಿತದ್ದು ಮೂರು ವರ್ಷ, ಮದುವೆಯಾಗಿ ಬಂದದ್ದು ಕಡಬದ ಆಚೆಗೆ. ಮಾವನನ್ನು ಎಲ್ಲರೂ ಅಪ್ಪಚ್ಚನ್ ಎನ್ನುತ್ತಿದ್ದರು. ಹೊಳೆಬದಿಯಲ್ಲಿ ಅವರ ಅಣ್ಣ ಔತ ಎಂಬವರು ಮೊದಲು ಮಾಡಿದ ಜಾಗ ಒಂದಿತ್ತು. ಅಣ್ಣ ಅಲ್ಲಿ ದ್ರಾಕ್ಷಿ ನೆಟ್ಟು, ಎರಡು ವರ್ಷ ವೈನ್ ಮಾಡಿ, ಮೂರನೆಯ ವರ್ಷ ಚಳಿಜ್ವರದಲ್ಲಿ ಹೋದರು. ಆಮೇಲೆ ಇಪ್ಪತ್ತು ವರ್ಷ ಆ ಜಾಗಕ್ಕೆ ಯಾರೂ ಕಾಲಿಡಲಿಲ್ಲ. ಕಮ್ಯುನಿಸ್ಟ್ ಗಿಡ ಎನ್ನುವ ಕಳೆ ಆಳೆತ್ತರ ಬೆಳೆದಿತ್ತು.

ಅಪ್ಪಚ್ಚನಿಗೆ ಅರುವತ್ತು ದಾಟಿದ ಮೇಲೆ ಅದನ್ನು ಕಡಿದು ಸವರುವ ಹುಚ್ಚು ಹಿಡಿಯಿತು. ಸವರಿದಾಗ ಬಿದ್ದ ಗುಡಿಸಲಿನ ಮಣ್ಣಿನಲ್ಲಿ ಈ ಭರಣಿ ಸಿಕ್ಕಿತು, ಪೊದೆಯ ಅಡಿಯಲ್ಲಿ ಜೀವ ಇದ್ದ ಏಳು ಬಳ್ಳಿ ಸಿಕ್ಕಿತು. ಅಣ್ಣನ ಓರ್ಮೆಯ ದಿನ, ಅಂದರೆ ಪ್ರತಿವರ್ಷ ಅವರು ಸತ್ತ ದಿನ, ಅಣ್ಣನ ಬಳ್ಳಿಯ ವೈನನ್ನು ಒಂದು ಸಲ ಕುಡಿಯಬೇಕು, ಮತ್ತೆ ಕಣ್ಣು ಮುಚ್ಚಿದರೂ ಅಡ್ಡಿಯಿಲ್ಲ ಎಂದರು. ಅವರು ಬೇಡಿದ್ದು ಅಷ್ಟೇ.

ಆದರೆ ದ್ರಾಕ್ಷಿ ಸಾಕುವುದು ಯಾರಿಗೆ ಗೊತ್ತು? ನಮ್ಮ ಕಡೆ ಬಳ್ಳಿ ಎಂದರೆ ಒಳ್ಳೆಮೆಣಸು. ನೆರೆಯ ಕುಶಾಲಪ್ಪಣ್ಣ ಮೆಣಸಿನಲ್ಲಿ ಎತ್ತಿದ ಕೈ. ಅಪ್ಪಚ್ಚನ್ ಅವರನ್ನೇ ಕೇಳಿದರು. ಬಳ್ಳಿಗೆ ಮರ ಹತ್ತಿಸಬೇಕು, ನೆರಳು ಬೇಕು, ಕತ್ತಿ ಮಾತ್ರ ತಾಗಿಸಬಾರದು ಎಂದು ಕುಶಾಲಪ್ಪಣ್ಣ ಹೇಳಿದರು. ನಾವು ಹಾಗೇ ಪೊಂಗಾರೆ ಮರಕ್ಕೆ ಹತ್ತಿಸಿದೆವು. ನಾಲ್ಕು ವರ್ಷ ಹಸುರೋ ಹಸುರು. ಕಾಯಿ ಒಂದೂ ಇಲ್ಲ. ಓರ್ಮೆಯ ದಿನ ಬಂದಾಗಲೆಲ್ಲ ಅಪ್ಪಚ್ಚನ್ ಖಾಲಿ ಭರಣಿ ಒರೆಸಿಟ್ಟು ಇಗರ್ಜಿಗೆ ಹೋಗುತ್ತಿದ್ದರು.

ನನಗೆ ಅಂಥದ್ದಕ್ಕೆಲ್ಲ ತಾಳ್ಮೆ ಇಲ್ಲ. ಸೊಪ್ಪು ಮಾತ್ರ ಕೊಡುವ ಬಳ್ಳಿಗೆ ಅಷ್ಟು ಜಾಗ ಯಾಕೆ? ಅಲ್ಲಿ ರಬ್ಬರ್ ಹಾಕುವ ಎಂದು ಗಂಡನಿಗೆ ಹೇಳಿದವಳು ನಾನೇ. ಅಪ್ಪಚ್ಚನ ಹತ್ತಿರ ಬಾಯಿ ಬಿಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕೊಟ್ಟಿಗೆಯ ಹಿಂದೆ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ರಬ್ಬರ್ ಬೀಜ ಹಾಕಿ, ಮೇಲೆ ತೆಂಗಿನ ಮಡಲು ಮುಚ್ಚಿದೆವು. ಮಳೆ ಬಿಟ್ಟ ಮೇಲೆ ಅಪ್ಪಚ್ಚನ್ ಮಗಳ ಮನೆಗೆಂದು ಕೊಟ್ಟಾಯಂಗೆ ಹೊರಟರು. ಅವರ ಬಸ್ಸು ಕಡಬ ದಾಟುವ ಮೊದಲೇ ನಾನು ಕತ್ತಿ ಮಸೆದಿದ್ದೆ. ಏಳೂ ಬಳ್ಳಿ ಕಡಿದೆ, ಮೊಣಕಾಲಿನ ಮಟ್ಟಕ್ಕೆ. ಪೊಂಗಾರೆಯ ಗೆಲ್ಲುಗಳನ್ನೂ ಇಳಿಸಿದೆ. ಬುಡ ಅಗೆಯುವುದು ಗಂಡನ ಪಾಲು.

ಕುಶಾಲಪ್ಪಣ್ಣ ಬೇಲಿಯ ಆಚೆ ನಿಂತು ನೋಡಿದರು.

"ಎಂತ ಮಾರಾಯ್ತಿ, ಬಳ್ಳಿಯನ್ನು ಹೀಗೆ ಕಡಿಯುದಾ? ನಿಮಗೆ ಸೌದೆಗೆ ಗತಿ ಇಲ್ವಾ?"

ಗಂಡ ಅಗೆಯಲಿಲ್ಲ. ಅದೇ ವಾರ ಅವರಿಗೆ ಕಾಮಾಲೆ ಹಿಡಿದು ಒಂದೂವರೆ ತಿಂಗಳು ಮಲಗಿದರು. ಗಂಜಿ, ಕಷಾಯ, ದನ, ಮಕ್ಕಳು ಎಂದು ನನಗೆ ಬುಡವೂ ಮರೆಯಿತು, ತೊಟ್ಟೆಯೂ ಮರೆಯಿತು. ಅಷ್ಟರಲ್ಲಿ ಅಪ್ಪಚ್ಚನ್ ಬಂದರು. ನೇರ ಹೊಳೆಬದಿಗೆ ಹೋಗಿ ಕಲ್ಲಿನ ಮೇಲೆ ಕುಳಿತರು. ನಾನು ಹಿಂದೆಯೇ ಓಡಿ, ಕಡಿದರೆ ಚಿಗುರಿ ಕಾಯಿ ಬಿಡ್ತದಂತೆ ಅಪ್ಪಚ್ಚಾ ಎಂದೆ. ಬಾಯಿಗೆ ಬಂದ ಸುಳ್ಳು. ಮರುದಿನದಿಂದ ಅವರು ಕೊಡ ಹಿಡಿದು ಬುಡಕ್ಕೆ ನೀರು ಹಾಕತೊಡಗಿದರು.

ಮೂರು ವಾರಕ್ಕೆ ಚಿಗುರು. ಚಿಗುರಿನ ಸಂದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಮೊಗ್ಗಿನ ಗೊಂಚಲು. ನಾನು ಶಿಲುಬೆ ಗುರುತು ಹಾಕಿಕೊಂಡದ್ದು ಭಕ್ತಿಯಿಂದ ಅಲ್ಲ, ಹೆದರಿಕೆಯಿಂದ. ದ್ರಾಕ್ಷಿಗೆ ಕತ್ತಿಯೇ ಬೇಕು, ಬಿಸಿಲೇ ಬೇಕು. ನಾಲ್ಕು ವರ್ಷ ನಾವು ಅದನ್ನು ಮೆಣಸೆಂದು ಮುದ್ದು ಮಾಡಿ ಕೆಡಿಸಿದ್ದು. ಸೊಸೆಗೆ ಕೈಗುಣ ಉಂಟು ಎಂದು ಅಪ್ಪಚ್ಚನ್ ಇಗರ್ಜಿಯ ಅಂಗಳದಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ನಾನು ತಲೆ ತಗ್ಗಿಸಿ ನಿಂತೆ. ನಾಚಿಕೆ ಸ್ವಭಾವದವಳು ಎಂದುಕೊಂಡರು ಜನ, ನನ್ನನ್ನು!

ಕೊಯ್ದದ್ದು ಒಂದೂವರೆ ಬುಟ್ಟಿ. ಅಪ್ಪಚ್ಚನೇ ಕೈಯಲ್ಲಿ ಹಿಸುಕಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿದರು. ದಿನಾ ಮರದ ಸೌಟಿನಲ್ಲಿ ತಿರುಗಿಸುವುದೂ ಅವರೇ. ಅಣ್ಣ ಬಲಕ್ಕೆ ತಿರುಗಿಸುತ್ತಿದ್ದರಂತೆ.

ಓರ್ಮೆಯ ದಿನ ಮೊದಲ ಗ್ಲಾಸು ಕುಶಾಲಪ್ಪಣ್ಣನಿಗೆ. ಹಿಂದೆ ಜ್ವರದ ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ ಕಡಬದ ಮಾರ್ಗದವರೆಗೆ ಹೊತ್ತವರಲ್ಲಿ ಅವರೂ ಒಬ್ಬರು. ಕುಡಿದು ಮುಖ ಸಿಂಡರಿಸಿದರು.

"ಇದಕ್ಕಿಂತ ಪುನರ್ಪುಳಿ ಸಿಹಿ ಉಂಟು ಮಾರಾಯ್ರೆ," ಎಂದು ಗ್ಲಾಸನ್ನು ಮತ್ತೆ ಮುಂದೆ ಚಾಚಿದರು.

ಎಲ್ಲರೂ ಹೋದ ಮೇಲೆ ಅಪ್ಪಚ್ಚನ್ ತಮ್ಮ ಗ್ಲಾಸು ಹಿಡಿದು ಜಗಲಿಯಲ್ಲಿ ಕುಳಿತರು. ಸತ್ಯ ಹೇಳಿಬಿಡುವ ಎಂದು ನಾನು ಕಂಬಕ್ಕೆ ಒರಗಿ ನಿಂತೆ. ಅವರೇ ಮೊದಲು ಮಾತಾಡಿದರು. ಹೇಳಿದ್ದು ಮಲಯಾಳದಲ್ಲಿ, ಬರೆಯುವುದು ನನಗೆ ಬರುವ ಕನ್ನಡದಲ್ಲಿ.

"ರಬ್ಬರ್ ಸಸಿ ಎಂತ ಮಾಡುದು ಇನ್ನು?"

"ಯಾವ ಸಸಿ ಅಪ್ಪಚ್ಚಾ?"

"ಕೊಟ್ಟಿಗೆ ಹಿಂದೆ ಮಡಲಿನ ಅಡಿಯಲ್ಲಿ ಇರುದು. ಬೇಸಗೆ ಇಡೀ ಅದಕ್ಕೆ ನೀರು ಹಾಕಿದ್ದು ಯಾರು ಅಂತ ಗ್ರಹಿಸಿದ್ದೀ?"

ಅಷ್ಟು ಹೇಳಿ ಒಂದು ಗುಟುಕು ಕುಡಿದರು.

ಮನೆಯಲ್ಲಿ ಈಗಲೂ ನನ್ನದು ಕೈಗುಣವೆಂದೇ ಮಾತು. ಮೊನ್ನೆ ಭರಣಿಯ ಪಕ್ಕದಲ್ಲಿ ಕುಳಿತು ಸೊಸೆಗೆ ಮೊದಲ ಸಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ನಕ್ಕು, ಮಿಡಿಗೆ ಬೇರೆ ಭರಣಿ ಹುಡುಕಲು ಎದ್ದಳು. ಬಾಗಿಲಲ್ಲಿ ನಿಂತು, ಮತ್ತೆ ನೀವು ಎಂತ ಮಾಡಿದ್ರಿ ಎಂದು ಕೇಳಿದಳು.

ಮಾಡುವುದೆಂತ? ಮಳೆ ಹಿಡಿದಿತ್ತು. ಓರ್ಮೆಯ ಮರುದಿನ ಬೆಳಗ್ಗೆ ಸಸಿಗಳನ್ನು ಬುಟ್ಟಿಯಲ್ಲಿ ಹೊತ್ತು, ಹೊಳೆಬದಿಯ ಬಳ್ಳಿಗಳನ್ನು ದಾಟಿ, ಮೇಲಿನ ಬೋಳು ಗುಡ್ಡಕ್ಕೆ ಹೋಗಿ ನೆಟ್ಟೆ. ಗುಂಡಿ ಸಾಲದು, ಇನ್ನೂ ಆಳ ಬೇಕು ಎಂದು ಹಿಂದಿನಿಂದ ಅಪ್ಪಚ್ಚನ್ ಹೇಳುತ್ತಿದ್ದರು. ನಾನು ಇನ್ನೂ ಆಳ ತೋಡಿದೆ.