ಕ್ರೈನ್ ವಿಸ್ಸೆ ಮೇಜಿಗೆ ಕೂತ ಭಾನುವಾರ

ಓಸ್ಟರ್‌ಡೈಕಿನ ಚರ್ಚಿನಲ್ಲಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮೇಜು ಅಣಿಮಾಡುವ ಚಾಕರಿ ಕ್ರೈನ್ ವಿಸ್ಸೆಯದು. ಉದ್ದನೆಯ ಹಲಗೆಗಳನ್ನು ತಂದು ಜೋಡಿಸುವುದು, ಬಿಳಿ ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸುವುದು, ರೊಟ್ಟಿಯನ್ನು ಉದ್ದುದ್ದಕ್ಕೆ ಕೊಯ್ದು ತಟ್ಟೆಯಲ್ಲಿಡುವುದು, ಬೆಳ್ಳಿಯ ಬಟ್ಟಲುಗಳನ್ನು ಮುಖ ಕಾಣುವಂತೆ ಉಜ್ಜುವುದು ಎಲ್ಲವೂ ಅವನದೇ. ಅವನ ಅಪ್ಪನೂ ಅದೇ ಕೆಲಸ ಮಾಡಿ ಸತ್ತಿದ್ದ. ಅಪ್ಪನಾಗಲಿ ಮಗನಾಗಲಿ ಒಂದು ಸಲವೂ ಆ ಮೇಜಿಗೆ ಕೂತವರಲ್ಲ.

ಹಾಗೆ ಕೂರದವನು ಅವನೊಬ್ಬನೇ ಆಗಿರಲಿಲ್ಲ. ಭೋಜನದ ಭಾನುವಾರ ಚರ್ಚಿನ ತುಂಬ ಜನ, ಮೇಜಿನ ಸುತ್ತ ಮಾತ್ರ ಬೆರಳೆಣಿಕೆಯ ಮುದುಕರು, ಮುದುಕಿಯರು. ಲೋಕ ಹುಟ್ಟುವ ಮೊದಲೇ ದೇವರು ತನಗೆ ಬೇಕಾದವರನ್ನು ಆರಿಸಿಕೊಂಡಾಗಿದೆ, ಮನುಷ್ಯನ ಇಷ್ಟಕ್ಕೆ ಅಲ್ಲಿ ಜಾಗವಿಲ್ಲ ಎನ್ನುವುದು ಆ ಊರಿನ ನಂಬಿಕೆ. ಆರಿಸಿಕೊಂಡವರಿಗೆ ಒಂದಲ್ಲ ಒಂದು ದಿನ ಅದು ಒಳಗೇ ತಿಳಿಯುತ್ತದೆ. ತಿಳಿಯದೆ ಕೈ ಚಾಚಿದವನು ರೊಟ್ಟಿಯ ಜೊತೆಗೆ ತನ್ನ ಶಿಕ್ಷೆಯನ್ನೂ ನುಂಗಿದ ಹಾಗೆ. ಆದ್ದರಿಂದ ಉಳಿದವರೆಲ್ಲ ಬೆಂಚಿನಲ್ಲೇ ತಲೆತಗ್ಗಿಸಿ, ಪೆಪ್ಪರಮಿಂಟು ಚೀಪುತ್ತ, ತಿಳಿಯುವ ದಿನಕ್ಕೆ ಕಾಯುತ್ತಿದ್ದರು. ಕಾಯುತ್ತಲೇ ಎಷ್ಟೋ ಮಂದಿ ಮಣ್ಣಾಗಿದ್ದರು.

ಕ್ರೈನ್ ವಾರವಿಡೀ ಬುಟ್ಟಿ ಹೆಣೆಯುತ್ತಿದ್ದ. ಆಲೂಗಡ್ಡೆಗೆ ಬೇರೆ, ಕಡಲ ಚಿಪ್ಪಿಗೆ ಬೇರೆ. ಹಾಲಂಡಿನ ತೆಂಕಣ ತುದಿಯ ಆ ದ್ವೀಪದಲ್ಲಿ ಅವನ ಬುಟ್ಟಿಯಿಲ್ಲದ ಮನೆಯಿರಲಿಲ್ಲ. ಮಾತು ಕಡಿಮೆ, ಕೈ ಚುರುಕು. ಒಂದು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಸರಕಿನ ದೋಣಿಯೊಂದು ಬಂದರಿನಲ್ಲೇ ಸಿಕ್ಕಿಬಿತ್ತು. ಮಂಜುಗಡ್ಡೆ ಕರಗುವಷ್ಟರಲ್ಲಿ ದೋಣಿಯವನ ಮಗಳು ಡಿಂಗೆನಾ ಬುಟ್ಟಿ ಕೊಳ್ಳುವ ನೆಪದಲ್ಲಿ ಅವನ ಅಂಗಡಿಗೆ ಎಷ್ಟು ಸಲ ಬಂದಳೆಂದರೆ, ಅಷ್ಟು ಬುಟ್ಟಿಗೆ ದೋಣಿಯಲ್ಲಿ ಜಾಗವಿರಲಿಲ್ಲ. ವಸಂತದಲ್ಲಿ ಮದುವೆಯಾಯಿತು.

ಡಿಂಗೆನಾ ರಾಟರ್‌ಡ್ಯಾಮಿನ ಬಂದರುಕಟ್ಟೆಯ ಒಂದು ಸಭೆಯಲ್ಲಿ ಬೆಳೆದವಳು. ಅಲ್ಲಿ ಡೋಲು ಬಾರಿಸಿ, "ಇವತ್ತೇ ಬನ್ನಿ, ಯಾರು ಬೇಕಾದ್ರೂ ಬನ್ನಿ" ಎಂದು ಕುಡುಕರನ್ನೂ ಕೂಲಿಗಳನ್ನೂ ಕೂಗಿ ಕರೆಯುತ್ತಿದ್ದರು. ಓಸ್ಟರ್‌ಡೈಕಿನಲ್ಲಿ ಅವಳಿಗೆ 'ಡೋಲಿನವಳು' ಎಂದೇ ಹೆಸರು ಬಿತ್ತು. ಆ ಚರ್ಚಿನಲ್ಲಿ ಕೀರ್ತನೆಗಳನ್ನು ಒಂದೊಂದು ಅಕ್ಷರಕ್ಕೂ ಉಸಿರು ಮುಗಿಯುವಷ್ಟು ಎಳೆದು ಹಾಡುವುದು ರೂಢಿ. ಡಿಂಗೆನಾ ತನ್ನ ಸಾಲನ್ನು ಬೇಗ ಮುಗಿಸಿ, ಉಳಿದವರು ಬಂದು ಸೇರಲಿ ಎಂದು ಸುತ್ತ ನೋಡುತ್ತ ನಿಂತಿರುತ್ತಿದ್ದಳು.

ಅವಳನ್ನು ಸಭೆಗೆ ಸೇರಿಸಿಕೊಳ್ಳುವ ಮೊದಲು ಹಿರಿಯರು ಕೂರಿಸಿ ಪ್ರಶ್ನೆ ಕೇಳಿದರು. ಆ ಸಭೆಗೆ ಬಹುಕಾಲದಿಂದ ಸ್ವಂತ ಪಾದ್ರಿಯಿರಲಿಲ್ಲ. ಭಾನುವಾರ ಹಿಂದಿನ ಪಾದ್ರಿಗಳು ಬರೆದಿಟ್ಟ ಉಪದೇಶಪ್ರಸಂಗಗಳನ್ನು ಓದಿ ಹೇಳುತ್ತಿದ್ದವನು ಹಿರಿಯ ಇಸಾಕ್ ಕೊಪ್ಪೆಯಾನ್. ಅವನೇ ಕೇಳಿದ, "ದೇವರು ನಿನ್ನನ್ನ ಆರಿಸಿಕೊಂಡನೋ, ನೀನು ದೇವರನ್ನ ಆರಿಸಿಕೊಂಡೆಯೋ?"

"ಇಬ್ರೂ ಒಂದೇ ಹೊತ್ತಿಗೆ ಕೈ ಚಾಚಿದ್ವಿ ಅನ್ಸುತ್ತೆ" ಅಂದಳು ಡಿಂಗೆನಾ.

ಅಲ್ಲಿಗೆ ಅವಳಿಗೂ ಮೇಜು ತಪ್ಪಿತು. ಅವಳೇನೂ ಕೊರಗಲಿಲ್ಲ. ಮನೆಯಲ್ಲಿ ಮಾತ್ರ ಗಂಡನನ್ನು ಬಿಡುತ್ತಿರಲಿಲ್ಲ.

"ದೇವರು ಬಾ ಅಂದ, ನಾನು ಹೋದೆ. ಇದರಲ್ಲಿ ಕಷ್ಟ ಏನಪ್ಪಾ?"

"ಸತ್ತವನನ್ನ ಬಾ ಅಂದ್ರೆ ಎದ್ದು ಬರ್ತಾನಾ? ನಾವೆಲ್ಲ ಒಳಗೆ ಸತ್ತವರೇ. ಮೊದ್ಲು ಅವನು ಜೀವ ಕೊಡ್ಬೇಕು."

"ಕೊಡ್ದೆ ಇದ್ರೆ?"

"ಕೊಡ್ದೆ ಇದ್ರೆ ಇಲ್ಲ."

"ಹಾಗಾದ್ರೆ ನೀನು ಬುಟ್ಟಿ ಯಾಕೆ ಹೆಣೀತೀಯ? ಆಗೋದಿದ್ರೆ ತಾನೇ ಆಗುತ್ತೆ, ಬಂದು ಮಲ್ಕೋ."

"ಬುಟ್ಟಿ ಬೇರೆ, ಆತ್ಮ ಬೇರೆ, ಮಾರಾಯ್ತಿ."

"ಹೌದು. ಬುಟ್ಟಿಗೆ ತಳ ಇರುತ್ತೆ. ನಿನ್ನ ವಾದಕ್ಕೆ ಅದೂ ಇಲ್ಲ."

ಹೀಗೆ ಜಗಳವಾಡುತ್ತಲೇ ಕಾಫಿ ಆರುತ್ತಿತ್ತು, ನಗುತ್ತಲೇ ದೀಪ ಆರುತ್ತಿತ್ತು. ಒಂದು ಹೆಣ್ಣುಮಗು ಹುಟ್ಟಿತು. ಮಾಯ್ಕೆ ಎಂದು ಹೆಸರಿಟ್ಟರು. ಇನ್ನೂ ತೆವಳಲು ಕಲಿಯುವ ಮೊದಲೇ ನಾಯಿಕೆಮ್ಮು ಬಂದು ಮಗು ತೀರಿಕೊಂಡಿತು.

ಮಣ್ಣಿನ ದಿನ ಗಾಳಿ ಜೋರಾಗಿತ್ತು. ಕೊಪ್ಪೆಯಾನ್ ಟೋಪಿಯನ್ನು ಎದೆಗೆ ಒತ್ತಿಕೊಂಡು ಎರಡೇ ಮಾತು ಆಡಿದ. "ಎಳೆಯ ಮಕ್ಕಳು ಸತ್ತರೆ ಭಕ್ತರಾದ ತಂದೆತಾಯಿ ಅವರ ಬಗ್ಗೆ ಸಂಶಯ ಪಡಬಾರದು, ಆ ಮಕ್ಕಳು ದೇವರು ಆರಿಸಿಕೊಂಡವರೇ. ನಮ್ಮ ಪೂರ್ವಿಕರು ಡಾರ್ಡ್ರೆಕ್ಟಿನಲ್ಲಿ ಸೇರಿ ತೀರ್ಮಾನ ಮಾಡಿದ ಮಾತು ಇದು."

ಡಿಂಗೆನಾ ಅತ್ತು ಹಗುರಾದಳು. ಕ್ರೈನನ ಎದೆಯಲ್ಲಿ ಮಾತ್ರ ಆ ಮಾತು ಮೀನಿನ ಮುಳ್ಳಿನ ಹಾಗೆ ನೆಟ್ಟುಕೊಂಡಿತು. ಭಕ್ತರಾದ ತಂದೆತಾಯಿ! ತಾನು ಭಕ್ತ ಎಂದು ಹೇಳಿದವರು ಯಾರು? ತನ್ನನ್ನು ದೇವರು ಆರಿಸಿಕೊಂಡಿದ್ದಾನೆ ಎಂದು ತನಗೇ ಗೊತ್ತಿಲ್ಲ. ಗೊತ್ತಿದ್ದರೆ ಮೇಜಿಗೆ ಕೂರುತ್ತಿರಲಿಲ್ಲವೇ? ತಾನು ಹೊರಗಿನವನಾದರೆ ಆ ಸಮಾಧಾನವೂ ಹೊರಗಿನದೇ. ತನ್ನ ಹಣೆಬರಹದ ದೆಸೆಯಿಂದ ಕೂಸಿನ ಹಣೆಬರಹವೂ ಕೆಟ್ಟಿತೇ? ಹೆಂಡತಿಗೆ ಹೇಳುವ ಹಾಗಿಲ್ಲ, ಹಿರಿಯರನ್ನು ಕೇಳುವ ಧೈರ್ಯವಿಲ್ಲ. ಬೇರೆ ಮಕ್ಕಳಾಗಲಿಲ್ಲ. ಮುಳ್ಳು ಅಲ್ಲೇ ಉಳಿಯಿತು.

ವರ್ಷಗಳು ಕಳೆದವು. ಒಮ್ಮೆ ಪಕ್ಕದ ಮನೆಯ ಹುಡುಗಿ ಹೊಸ ಕಸೂತಿಟೋಪಿ ಹಾಕಿಕೊಂಡು ಚರ್ಚಿಗೆ ಬಂದಿದ್ದಳು. ಮನೆಗೆ ಮರಳುವಾಗ ಡಿಂಗೆನಾ, "ನಮ್ಮ ಮಾಯ್ಕೆಗೂ ಈಗ ಅದೇ ವಯಸ್ಸು. ಮೇಲಿಂದ ನೋಡಿ ನಗ್ತಾ ಇರ್ತಾಳೆ, ಅಲ್ವಾ?" ಅಂದಳು.

ಕ್ರೈನ್ ಟೋಪಿಯನ್ನು ಹಣೆಗೆ ಎಳೆದುಕೊಂಡು ಹೆಜ್ಜೆ ಚುರುಕು ಮಾಡಿದ.

"ಯಾಕೆ ಸುಮ್ನಾದೆ?"

"ಅದು... ನಾವು ಹೇಳೋಕಾಗಲ್ಲ, ಡಿಂಗೆನಾ."

ಅವಳು ದಾರಿಯಲ್ಲೇ ನಿಂತುಬಿಟ್ಟಳು. "ಹೇಳೋಕಾಗಲ್ಲ? ನನ್ನ ಬಗ್ಗೆ ಏನಾದ್ರೂ ಅಂದ್ಕೋ, ನಿನ್ನ ಬಗ್ಗೆ ಏನಾದ್ರೂ ಅಂದ್ಕೋ. ಹಾಲು ಕುಡಿಯೋ ಕೂಸಿನ ಬಗ್ಗೆಯೂ ಹಾಗೆ ಅಂದ್ಕೊಂಡೇ ಇಷ್ಟು ವರ್ಷ ನನ್ನ ಪಕ್ಕದಲ್ಲಿ ಮಲಗಿದೀಯಾ?"

ಅಂದಿನಿಂದ ಮನೆಯಲ್ಲಿ ವಾದ ನಿಂತಿತು. ಊಟ ಬಡಿಸುತ್ತಿದ್ದಳು, ಅಂಗಿ ಹೊಲಿಯುತ್ತಿದ್ದಳು, ಕಾಫಿಯ ಜೊತೆ ಅವನಿಗಿಷ್ಟವಾದ ದಾಲ್ಚಿನ್ನಿಯ ಸುರುಳಿರೊಟ್ಟಿಯನ್ನೂ ಇಡುತ್ತಿದ್ದಳು. ಕೆಣಕುತ್ತಿರಲಿಲ್ಲ, ಅಷ್ಟೇ. ಕ್ರೈನನಿಗೆ ಅದರಷ್ಟು ದೊಡ್ಡ ಶಿಕ್ಷೆ ಬೇರೆ ಇರಲಿಲ್ಲ.

ಆ ವರ್ಷದ ಶರತ್ಕಾಲದಲ್ಲಿ ಕೊಪ್ಪೆಯಾನ್ ಹಾಸಿಗೆ ಹಿಡಿದ. ಎಂದಿನಂತೆ ಪರ ಊರಿನ ಪಾದ್ರಿಯೊಬ್ಬರು ಭೋಜನ ನಡೆಸಲು ಬರುವವರಿದ್ದರು. ಮೇಜಿಗೆ ಎಷ್ಟು ಕುರ್ಚಿ ಇಡಬೇಕೆಂದು ಕೇಳಲು ಕ್ರೈನ್ ಒಂದು ಮಧ್ಯಾಹ್ನ ಕೊಪ್ಪೆಯಾನನ ಮನೆಗೆ ಹೋದ. ಮುದುಕ ಗೋಡೆಯೊಳಗೆ ಕಪಾಟಿನ ಹಾಗೆ ಕೂಡಿಸಿದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದ. ಮಗಳು ಕಾಫಿ ಇಟ್ಟು ಹೊರಗೆ ಹೋದಳು.

"ಈ ಸಲ ನನಗೆ ಕುರ್ಚಿ ಇಡಬೇಡ, ಕ್ರೈನ್."

"ನಡೆಯೋಕಾಗಲ್ಲ ಅಂತಾನಾ? ಹೊತ್ಕೊಂಡು ಹೋಗ್ತೀವಿ ಬಿಡಿ, ಹಿರಿಯರೇ."

"ಕಾಲಿನ ಮಾತಲ್ಲ ಕಣೋ." ಮುದುಕ ಗಡ್ಡಕ್ಕೆ ಅಂಟಿದ ಕಾಫಿ ಒರೆಸಿಕೊಂಡ. "ನಾನು ಮೋಸ ಹೋಗಿದೀನಿ. ಇಷ್ಟು ವರ್ಷ ನಿಮಗೆಲ್ಲ ಓದಿ ಹೇಳ್ದೆ, ಮೇಜಿನ ಮೊದಲ ಕುರ್ಚೀಲಿ ಕೂತೆ. ಈಗ ಮಲ್ಕೊಂಡು ಒಳಗೆ ನೋಡಿದ್ರೆ ಏನೂ ಇಲ್ಲ. ಖಾಲಿ ಕಣಜ. ಆರಿಸಿಕೊಂಡವರಲ್ಲಿ ನಾನಿಲ್ಲ."

ಈ ಮನುಷ್ಯನೇ ಇಲ್ಲವೆಂದರೆ ಊರಿನಲ್ಲಿ ಇನ್ನು ಯಾರಿದ್ದಾರೆ? ಕ್ರೈನನಿಗೆ ಎದ್ದು ಹೋಗಿಬಿಡೋಣ ಅನ್ನಿಸಿತು. ಆದರೆ ಮುದುಕ ಮಗುವಿನ ಹಾಗೆ ಅಳುತ್ತಿದ್ದ. ಅಳುವವರನ್ನು ಬಿಟ್ಟು ಹೋಗುವುದು ಅವನಿಗೆ ಗೊತ್ತಿರಲಿಲ್ಲ.

"ಒಂದು ಕೇಳ್ಲಾ? ದೇವರು ಬೇಕು ಅನ್ಸುತ್ತಾ ನಿಮಗೆ?"

"ಅನ್ಸದೆ? ಬೇಡ ಅಂತಿದ್ರೆ ಹೀಗೆ ಅಳ್ತಾ ಕೂರ್ತಿದ್ನಾ?"

"ಹಾಗಾದ್ರೆ ಆ 'ಬೇಕು' ಎಲ್ಲಿಂದ ಬಂತು?" ಅಂದ ಕ್ರೈನ್. "ಅದು ಮನುಷ್ಯನ ಮಣ್ಣಲ್ಲಿ ತಾನಾಗಿ ಬೆಳೆಯೋ ಬೆಳೆ ಅಲ್ಲ ಅಂತ ನೀವೇ ಓದಿ ಹೇಳಿದ್ರಿ. ದೇವರು ಬೇಕು ಅಂತ ಒಬ್ಬ ಅಳ್ತಾ ಇದ್ದಾನೆ ಅಂದ್ರೆ, ದೇವರು ಅವನ ಮೇಲೆ ಆಗ್ಲೇ ಕೈ ಇಟ್ಟಿದಾನೆ ಅಂತ. ಸತ್ತವರಿಗೆ ಹಸಿವಾಗಲ್ಲ ಅಲ್ವಾ, ಹಿರಿಯರೇ?"

ಮುದುಕ ಕಣ್ಣೊರೆಸಿಕೊಂಡು ಅವನನ್ನೇ ನೋಡಿದ. "ನಾನು ಹಾಗೆ ಓದಿದ್ನಾ?"

"ಓದಿದ್ರಿ. ಆಲೂಗಡ್ಡೆ ಕೀಳೋ ಕಾಲ. ಅರ್ಧ ಜನ ತೂಕಡಿಸ್ತಾ ಇದ್ರು."

"ಓದ್ತಾ ಓದ್ತಾ ನಾನೂ ತೂಕಡಿಸಿರ್ಬೇಕು." ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅವನ ದನಿ ಬೇರೆಯಾಗಿತ್ತು. "ಮತ್ತೆ ನಿನಗೆ? ನಿನಗೆ ಹಸಿವಿಲ್ವೇನೋ? ಇಷ್ಟು ವರ್ಷ ರೊಟ್ಟಿ ಕೊಯ್ದು ಕೊಯ್ದು ಇಟ್ಟು ಹಿಂದೆ ಹೋಗಿ ನಿಂತ್ಕೋತೀಯಲ್ಲ!"

ಕ್ರೈನ್ ಬಾಯಿ ತೆರೆದ. ತನ್ನ ಬಗ್ಗೆ ಏನೋ ಹೇಳಬೇಕೆಂದಿದ್ದ. ಹೊರಗೆ ಬಂದದ್ದು ಮಗುವಿನ ಹೆಸರು. "ಮಾಯ್ಕೆ..." ಅಂದ. ಆಮೇಲೆ ಕಟ್ಟೆಯೊಡೆದ ಹಾಗೆ ಎಲ್ಲವೂ ಬಂತು. ಮಣ್ಣಿನ ದಿನದ ಗಾಳಿ, ಆ ಎರಡು ಮಾತು, ಭಕ್ತರಾದ ತಂದೆತಾಯಿ, ತಾನು ಭಕ್ತನೋ ಅಲ್ಲವೋ ತಿಳಿಯದೆ ಕಳೆದ ವರ್ಷಗಳು.

ಕೊಪ್ಪೆಯಾನ್ ದಿಂಬಿನಿಂದ ಎದ್ದು ನೆಟ್ಟಗೆ ಕೂತ. ಅವನಿಗೆ ಸಿಟ್ಟು ಬಂದಿತ್ತು.

"ಆವತ್ತು ಆ ಮಾತು ಹೇಳೋವಾಗ ನಾನು ಯಾರ ಮುಖ ನೋಡ್ತಿದ್ದೆ ಅಂದ್ಕೊಂಡೆ? ಪೆಟ್ಟಿಗೆ ತಂದ ಗಾಡಿ ಕುದುರೆ ಮುಖಾನಾ? ನಿಮ್ಮಿಬ್ಬರನ್ನೇ ನೋಡಿ ಹೇಳಿದ್ದು ಕಣೋ, ದಡ್ಡ! ಎಷ್ಟೋ ಮಣ್ಣಿಗೆ ಹೋಗಿದೀನಿ, ಎಲ್ಲಾ ಕಡೆ ಆ ಮಾತು ಎತ್ತಿಲ್ಲ ನಾನು. ಕೂಸಿನ ಪೆಟ್ಟಿಗೆ ಮುಂದೆ ನಿಂತು ಸುಳ್ಳು ಹೇಳ್ತೀನಾ?"

ಕ್ರೈನ್, "ಇಬ್ಬರನ್ನೂ?" ಅಂದ. "ಡಿಂಗೆನಾನೂ ಸೇರಿಸಿ? ಅವಳು ಡೋಲಿನ ಸಭೆಯವಳು."

"ಅವಳ ಸಿದ್ಧಾಂತ ಸೊಟ್ಟ. ಅವಳು ನೆಟ್ಟಗಿದಾಳೆ" ಅಂದ ಮುದುಕ. ಮತ್ತೆ ದಿಂಬಿಗೆ ಒರಗಿಕೊಂಡು, "ಇದನ್ನ ಅವಳಿಗೆ ಹೇಳ್ಬೇಡ. ಸೊಟ್ಟ ಅಂದಿದ್ದಷ್ಟೇ ಹೇಳು" ಅಂದ. ಕ್ರೈನ್ ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೂಗಿದ, "ನನ್ನ ಕುರ್ಚಿ ಇಡು. ನಿನ್ನದೂ ಇಡು."

ಕಡಲ ಒಡ್ಡಿನ ಮೇಲೆ ಮನೆಗೆ ನಡೆಯುತ್ತ ಕ್ರೈನ್ ಕುರಿಗಳ ನಡುವೆ ನಿಂತು ಜೋರಾಗಿ ಉಸಿರು ಬಿಟ್ಟ. ಎದೆ ಹಗುರಾಗಿತ್ತು. ಬೆಳಕು ಇಳಿಯಲಿಲ್ಲ, ದನಿ ಕೇಳಿಸಲಿಲ್ಲ. ಊರಿನವರು ಕಾಯುತ್ತಿದ್ದಂಥದ್ದು ಯಾವುದೂ ಆಗಲಿಲ್ಲ. ಮಗು ಕ್ಷೇಮವಾಗಿದೆ ಅನ್ನಿಸಿತು, ಅಷ್ಟೇ. ಬಹಳ ಹಿಂದೆಯೇ ಮನೆ ಸೇರಿದ ಮಗುವಿಗಾಗಿ ತಾನು ಸುಮ್ಮನೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದ ಹಾಗೆ.

ಡಿಂಗೆನಾ ಹಿತ್ತಲಿನಲ್ಲಿ ಸೀಗಡಿ ಸುಲಿಯುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಒಂದೂ ಬಿಡದೆ ಹೇಳಿದ. ಹೇಳಬೇಡ ಎಂದದ್ದನ್ನೂ ಹೇಳಿದ. ಅವಳ ಕೈ ನಿಂತಿತು. ಸೀಗಡಿ ವಾಸನೆಯ ಕೈಯಲ್ಲೇ ಅವನ ಕೆನ್ನೆ ಹಿಡಿದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ನಾನು ಇಷ್ಟು ವರ್ಷ ಹೇಳಿದ್ದೇ ಅದು. ನಾನು ಹೇಳಿದ್ರೆ ಗಾಳಿ, ಆ ಗಡ್ಡದವನು ಹೇಳಿದ್ರೆ ವೇದವಾಕ್ಯ" ಅಂದಳು.

ಅವಳು ಕೆಣಕಿದ್ದು ಕೇಳಿ ಕ್ರೈನನಿಗೆ ಹಸಿದವನಿಗೆ ಊಟ ಸಿಕ್ಕಷ್ಟು ಸಂತೋಷವಾಯಿತು.

"ಮತ್ತೆ ಭಾನುವಾರ ಮೇಜಿಗೆ ಹೋಗೋದು ಅಂತ ಆರಿಸ್ಕೊಂಡೆ ಅನ್ನು" ಅಂದಳು.

"ನಾನು ಆರಿಸ್ಕೊಂಡಿಲ್ಲ. ಅವನು ಎಳೀತಾ ಇದಾನೆ."

"ಎಳೆದ್ರೂ ಕಾಲು ನಿಂದೇ ಅಲ್ವಾ?"

"ಕಾಲು ಕೊಟ್ಟೋನು ಯಾರು?"

"ಅಯ್ಯೋ, ಶುರುವಾಯ್ತು!" ಎಂದು ಡಿಂಗೆನಾ ಸೀಗಡಿ ಸಿಪ್ಪೆಯನ್ನು ಅವನ ಮೇಲೆ ಎಸೆದಳು.

ಭಾನುವಾರ ಕೊಪ್ಪೆಯಾನನನ್ನು ಇಬ್ಬರು ತೋಳು ಹಿಡಿದು ಕರೆತಂದರು. ಪಾದ್ರಿ ಕರೆದಾಗ ಮುದುಕರು ಎದ್ದು ಮೇಜಿನ ಕಡೆ ನಡೆದರು. ಅವರ ಹಿಂದೆ ಕ್ರೈನ್ ವಿಸ್ಸೆಯೂ ನಡೆದ. ಏನೋ ಮರೆತದ್ದನ್ನು ಇಡಲು ಹೋಗುತ್ತಿದ್ದಾನೆಂದು ಜನ ಅಂದುಕೊಂಡರು. ಅವನು ಕುರ್ಚಿ ಎಳೆದು ಕೂತಾಗ ಬೆಂಚುಗಳಲ್ಲಿ ಪೆಪ್ಪರಮಿಂಟು ಚೀಪುವುದು ನಿಂತಿತು. ತಟ್ಟೆ ಕೈಯಿಂದ ಕೈಗೆ ಬಂತು. ಅವನು ತೆಗೆದುಕೊಂಡ ರೊಟ್ಟಿಯ ಚೂರು ಕೈಜಾರಿ ಬಟ್ಟೆಯ ಮೇಲೆ ಬಿತ್ತು. ಪಕ್ಕದಲ್ಲಿದ್ದ ಕೊಪ್ಪೆಯಾನ್ ಅದನ್ನು ಎತ್ತಿ ಅವನ ಅಂಗೈಯಲ್ಲಿಟ್ಟು, "ತಿನ್ನು" ಅಂದ. ಕ್ರೈನ್ ತಿಂದ. ಸಾಧಾರಣ ರೊಟ್ಟಿ, ಅವನೇ ಬೆಳಿಗ್ಗೆ ಕೊಯ್ದದ್ದು. ನುಂಗಿದ. ಏನೂ ಆಗಲಿಲ್ಲ, ಸಿಡಿಲು ಹೊಡೆಯಲಿಲ್ಲ. ಹೆಂಗಸರ ಬೆಂಚಿನಲ್ಲಿ ಡಿಂಗೆನಾ, ಮೇಜಿಗೆ ಕರೆಯಿಲ್ಲದವಳು, ಮೂಗು ಒರೆಸಿಕೊಂಡ ಸದ್ದು ಮಾತ್ರ ಇಡೀ ಚರ್ಚಿಗೆ ಕೇಳಿಸಿತು.

ಮನೆಗೆ ಬಂದು ಹಂದಿಮಾಂಸ ಹಾಕಿ ಬೇಯಿಸಿದ ಕಾಳನ್ನು ಎರಡು ತಟ್ಟೆ ಉಂಡ. ಮಧ್ಯಾಹ್ನ ಮತ್ತೆ ಆರಾಧನೆಯಿತ್ತು. ಪಾದ್ರಿ ಗಂಭೀರವಾಗಿ ಕೃತಜ್ಞತೆಯ ಪ್ರಸಂಗ ಶುರುಮಾಡಿದರು. ಸ್ವಲ್ಪ ಹೊತ್ತಿಗೆ ಗಂಡಸರ ಕಡೆಯ ಕೊನೆಯ ಬೆಂಚಿನಿಂದ ಗೊರಕೆ ಕೇಳಿಸಿತು. ಒಮ್ಮೆಯೂ ತೂಕಡಿಸದ ಚರ್ಚಿನ ಚಾಕರ, ಬಾಯಿ ತೆರೆದು, ತಲೆ ಗೋಡೆಗೆ ಆನಿಸಿ ಮಲಗಿದ್ದ. ಆ ಚರ್ಚಿನಲ್ಲಿ ಯಾರೂ ನಗುವುದಿಲ್ಲ, ಭುಜಗಳು ಮಾತ್ರ ಕುಲುಕಿದವು. ಒಬ್ಬ ಅವನನ್ನು ತಿವಿಯಲು ಮೊಣಕೈ ಎತ್ತಿದಾಗ ಡಿಂಗೆನಾ ದೂರದಿಂದಲೇ ಬೆರಳೆತ್ತಿ ಬೇಡವೆಂದು ತಡೆದಳು.

ಕೊನೆಯ ಕೀರ್ತನೆಗೂ ಅವನಿಗೆ ಎಚ್ಚರವಾಗಲಿಲ್ಲ. ಜನ ಬೂಟುಗಳ ಸದ್ದಾಗದಂತೆ ಹೊರಗೆ ಹೋದರು. ಚರ್ಚು ಖಾಲಿಯಾದ ಮೇಲೆ ಡಿಂಗೆನಾ ಎದ್ದು, ಹೆಂಗಸರು ಎಂದೂ ಕೂರದ ಗಂಡಸರ ಬೆಂಚಿಗೆ ಹೋಗಿ ಅವನ ಪಕ್ಕ ಕೂತಳು. ಅವನು ಏಳುವವರೆಗೂ ಅಲ್ಲೇ ಕೂತಿದ್ದಳು.