ಚಿಗವ್ವನ ಹರವಿ

ಮೊನ್ನೆ ಮಳೆ ಬಿಡಲಿಲ್ಲ. ಮೊಮ್ಮಗನ ಹೆಂಡತಿ ದಪ್ಪ ಖಾದಿಯ ಹೊದಿಕೆಯೊಂದನ್ನು ಒಗೆದವಳು, ಹೊರಗೆ ಒಣಗುವುದಿಲ್ಲವೆಂದು ನನ್ನ ಮಂಚದ ಮಗ್ಗುಲಲ್ಲೇ ಹಗ್ಗ ಕಟ್ಟಿ ಹಾಕಿದಳು. ನವನಗರದ ಈ ಮನೆಯಲ್ಲಿ ಗಾಳಿ ಆಡುವುದು ಕಡಿಮೆ. ಕೋಣೆಯ ತುಂಬ ಹಸಿ ಖಾದಿಯ ವಾಸನೆ ನಿಂತಿತು. ಬೇರೆ ಅರಿವೆಗೆ ಆ ವಾಸನೆ ಇಲ್ಲ. ಒಂದಿಷ್ಟು ಹತ್ತಿಕಾಳು, ಒಂದಿಷ್ಟು ಗಂಜಿ, ಒಂದಿಷ್ಟು ಮಡಕೆಯ ಮಣ್ಣು... ಖಾದಿಗೆ ಮಡಕೆಯ ಮಣ್ಣು ಎಲ್ಲಿಂದ ಬರಬೇಕು? ಅದು ನನ್ನ ತಲೆಯೊಳಗಿನದು. ನಮ್ಮ ತವರುಮನೆಯಲ್ಲಿ ಕುಡಿಯುವ ನೀರಿನ ಹರವಿಯ ಬಾಯಿಗೆ ಸದಾ ಹಸಿ ಖಾದಿ ಕಟ್ಟಿರುತ್ತಿತ್ತು. ಅದನ್ನು ಕಟ್ಟಿದವಳು ನನ್ನ ಚಿಗವ್ವ, ಅಪ್ಪನ ತಮ್ಮನ ಹೆಂಡತಿ.

ಅವಳನ್ನು ಹೊಗಳಲಿಕ್ಕೆ ಕೂತಿಲ್ಲ. ಇದ್ದಾಗ ಯಾರಾದರೂ ಹೊಗಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಚಿಗವ್ವನಿಗೆ ಮಾತು ಕಡಿಮೆ, ಮಂದಿ ಬೇಡ. ಅಂಥವರಿಗೆ ಅಂತರ್ಮುಖಿ ಎನ್ನುತ್ತಾರೆಂದು ಮೊಮ್ಮಗಳು ಹೇಳುತ್ತಾಳೆ. ನಮ್ಮ ಕಾಲದಲ್ಲಿ ಅಷ್ಟು ಛಂದದ ಹೆಸರು ಇರಲಿಲ್ಲ. ಗುಮ್ಮನಗುಸಕಿ ಎನ್ನುತ್ತಿದ್ದರು, ಅದೂ ಎದುರಿಗೇ. ಹೆಂಗಸರೆಲ್ಲ ಕೂಡಿ ಮೆಣಸಿನಕಾಯಿಯ ತೊಟ್ಟು ಮುರಿಯುವಾಗ ಎಲ್ಲರ ಬಾಯಿ ಕೈಗಿಂತ ಜೋರಾಗಿ ನಡೆಯುತ್ತಿತ್ತು. ಇವಳು ಕಂಬಕ್ಕೆ ಬೆನ್ನು ಕೊಟ್ಟು ತನ್ನ ರಾಶಿ ತಾನು ಮುಗಿಸಿ ಏಳುತ್ತಿದ್ದಳು. ಮದುವೆ ಮನೆಯಲ್ಲಿ ಬಡಿಸುವುದು ಮುಗಿದರೆ ದನದ ಕೊಟ್ಟಿಗೆಯಲ್ಲಿ ಸಿಗುತ್ತಿದ್ದಳು. ಒಮ್ಮೆ ಹುಡುಕಿಕೊಂಡು ಹೋಗಿ, "ಇಲ್ಲೇನ ಮಾಡಾಕತ್ತೀ ಚಿಗವ್ವಾ?" ಎಂದು ಕೇಳಿದೆ.

"ಮಂದಿ ಭಾಳಾತು. ಒಂದೀಟು ದನದ ಜೋಡಿ ಕುಂಡ್ರತೇನಿ. ಇವು ಏನೂ ಕೇಳಂಗಿಲ್ಲ."

ಮಾತು ಕಡಿಮೆ ಎಂದು ತಲೆ ಸುಮ್ಮನಿರಲಿಲ್ಲ. ಒಂದು ಸಲ ಹಿಟ್ಟಿನಲ್ಲಿ ಕಲ್ಲಿನ ಪುಡಿ ಬರತೊಡಗಿತು. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದೆವು, ರಾಶಿ ಮಾಡಿದ ಆಳುಗಳನ್ನು ಬೈದಳು. ನಮ್ಮವ್ವ ಜೋಳ ಹಸನು ಮಾಡಿದವಳನ್ನು ಬೈದಳು. ಚಿಗವ್ವ ಯಾರನ್ನೂ ಬೈಯಲಿಲ್ಲ. ಜೋಳ ಹಾಕದೆ ಬರಿಯ ಬೀಸುಕಲ್ಲು ತಿರುಗಿಸುತ್ತ, ಕಣ್ಣು ಮುಚ್ಚಿ ಅದರ ಸಪ್ಪಳ ಕೇಳುತ್ತ ಕೂತಳು. "ಸಣ್ಣ ಸೊಸಿ ಗಾಳಿ ಬೀಸಾಕತ್ತಾಳ, ಇವತ್ತ ಎಲ್ಲಾರಿಗೂ ಗಾಳಿ ರೊಟ್ಟಿ" ಎಂದು ಆಯಿ ಆಡಿಕೊಂಡಳು. ನಡುವಿನ ಗೂಟ ಸವೆದು ಮೇಲಿನ ಕಲ್ಲು ಒಂದು ಮಗ್ಗುಲಿಗೆ ಒರೆಯುತ್ತಿತ್ತು. ಗೂಟ ಬದಲಿಸಿದರು, ಹಿಟ್ಟು ಸರಿಯಾಯಿತು. ಚಿಗವ್ವ ಗೆದ್ದವರ ಮುಖವನ್ನೂ ಮಾಡಲಿಲ್ಲ.

ಈಗಿನವರಿಗೆ ನಾರುಹುಣ್ಣು ಗೊತ್ತಿಲ್ಲ. ಬಿಸಿಲು ಬಲಿಯುತ್ತಿದ್ದ ಹಾಗೆ ಮೀನಖಂಡದಲ್ಲೋ ಹಿಮ್ಮಡಿಯಲ್ಲೋ ಬೊಬ್ಬೆ ಏಳುತ್ತಿತ್ತು. ಅದು ಒಡೆದರೆ ಬಿಳಿಯ ದಾರದಂಥ ಹುಳದ ತುದಿ ಕಾಣಿಸುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ನಡುವೆ ಹರಿದರೆ ಕಾಲು ಕುಂಬಳಕಾಯಿಯಾಗುತ್ತಿತ್ತು. ನಮ್ಮಣ್ಣನಿಗೆ ಮೊಣಕಾಲಿನಲ್ಲಿ ಎದ್ದು, ಒಳಗೇ ಹರಿದು, ಆ ಕಾಲು ಮತ್ತೆ ಮಡಚಲಿಲ್ಲ. ಉಷ್ಣ ಎನ್ನುತ್ತಿದ್ದರು. ಹಣೆಬರಹ ಎನ್ನುತ್ತಿದ್ದರು.

ಗರಗದ ಹತ್ತಿರ ನಮ್ಮೂರು. ಊರ ನಡುವೆ ಮೆಟ್ಟಿಲು ಬಾವಿ, ನಮ್ಮ ಮುತ್ತಜ್ಜ ಕಟ್ಟಿಸಿದ್ದು. ಎಲ್ಲರೂ ಕೆಳಗಿಳಿದು ಕೊಡ ಮುಳುಗಿಸಿ ನೀರು ತರಬೇಕು. ನಾರು ಎದ್ದವರಿಗೆ ಕೆಳಗಿನ ಮೆಟ್ಟಿಲು ಬಿಟ್ಟುಕೊಡುವುದು ನಮ್ಮೂರ ರೂಢಿ. ನೀರಿನಲ್ಲಿ ಕಾಲು ಇಳಿಬಿಟ್ಟರೆ ಉರಿ ತಣಿಯುತ್ತದೆ. ಅವರು ಎಷ್ಟು ಹೊತ್ತು ಕೂತರೂ ಏಳು ಎನ್ನುವಂತಿಲ್ಲ, ಪಕ್ಕದಲ್ಲೇ ಕೊಡ ತುಂಬಿಕೊಂಡು ಹೋಗಬೇಕು. ನೊಂದವರಿಗೆ ನಮ್ಮ ಬಾವಿಯಲ್ಲಿ ಜಾಗ ಇದೆ ಎಂದು ಅಜ್ಜ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ. ಒಂದು ವರ್ಷ ಅಜ್ಜನ ಹಿಮ್ಮಡಿಗೇ ನಾರು ಎದ್ದಿತು. ಮುಂಜಾನೆ ಹೋಗಿ ಕೂತರೆ ಊಟದ ಹೊತ್ತಿನ ತನಕ ಅಲ್ಲೇ, ನೀರಿಗೆ ಬಂದವರ ಜೊತೆ ಹರಟೆ.

ಚಿಗವ್ವನ ತವರಿನಲ್ಲಿ ಹಗ್ಗ ಹಾಕಿ ಸೇದುವ ಬಾವಿ. ಅಲ್ಲಿ ನಾರು ಎಂಬುದೇ ಇಲ್ಲ. ಆ ಊರಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದವರಿಗೆ ಮಾತ್ರ ಮುಂದಿನ ಬೇಸಿಗೆಗೆ ಏಳುತ್ತಿತ್ತು. ಅವಳು ಇದನ್ನೇ ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಳೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲು ಅವಳಿಗೆ ಪಾಚಿಯ ಮೇಲೆ ಸಂಶಯ ಇತ್ತು. ಪಾಚಿ ಸರಿಸಿ, ತಿಳಿನೀರು ನೋಡಿ ಕೊಡ ತುಂಬುತ್ತಿದ್ದಳು. ಆದರೂ ಅವಳ ಪಾದದಲ್ಲೇ ಎದ್ದಿತು. ಹುಳವನ್ನು ಕಡ್ಡಿಗೆ ಸುತ್ತುತ್ತ, "ಪಾಚಿ ಅಲ್ಲ ಅಂತ ಆತು" ಎಂದಳು. ಬೇರೆ ಯಾರದೋ ಕಾಲಿನ ವಿಷಯ ಹೇಳಿದ ಹಾಗಿತ್ತು.

ಇದು ಅಜ್ಜನಿಗೆ ಏಳುವ ಹಿಂದಿನ ವರ್ಷದ ಮಾತು. ಅಜ್ಜನಿಗೆ ಎದ್ದ ವರ್ಷ ಅವಳ ಮಗ ಎದೆಹಾಲು ಬಿಡುವ ಹೊತ್ತಿಗೆ ಬಂದಿದ್ದ. ಇನ್ನು ಅವನ ಬಾಯಿಗೆ ಬಾವಿಯ ನೀರು ಬೀಳಬೇಕು. ಶಿವರಾತ್ರಿ ಮುಗಿದ ಮೇಲೆ ಒಂದು ದಿನ ಚಿಗವ್ವ ಯಾರಿಗೂ ಹೇಳದೆ ಊರ ಹೊರಗಿನ ಮಠಕ್ಕೆ ನಡೆದಳು. ಅಲ್ಲಿ ಸೇದುವ ಬಾವಿ ಇತ್ತು. ನೀರು ಹೊತ್ತು ತಂದು, ಗರಗದ ಖಾದಿಯನ್ನು ಮಡಿಸಿ ಸೋಸಿ, ಸಣ್ಣದೊಂದು ಹರವಿಯಲ್ಲಿ ತುಂಬಿ ಮೂಲೆಯಲ್ಲಿಟ್ಟಳು. ಕೂಸಿಗೆ ಅದೇ ನೀರು.

ಮನೆ ಹೊತ್ತಿಕೊಂಡಿತು. ನಮ್ಮ ಕಡೆ ಒಂದು ಮನೆಯಲ್ಲಿ ಎರಡು ಹರವಿ ಎಂದರೆ ಪಾಲಾಯಿತು ಎಂದೇ ತಿಳಿಯುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾಗುವಾಗ ಮೊದಲು ನೀರು ಬೇರೆ, ಆಮೇಲೆ ಒಲೆ, ಆಮೇಲೆ ಹೊಲ. "ಇವತ್ತ ಹರವಿ ಇಟ್ಟಾಳ, ನಾಳೆ ಒಲಿ ಹೂಡ್ತಾಳ, ನಾಡದ ನಡುವ ಗ್ವಾಡಿ ಹಾಕಸ್ತಾಳ" ಎಂದು ಆಯಿ ಓಣಿಗೆ ಕೇಳುವ ಹಾಗೆ ಅಂದಳು.

ಸಂಜೆ ಅಜ್ಜ ಪಡಸಾಲೆಗೆ ಕರೆಸಿದ. ಕಾಕಾ, ಅಂದರೆ ಅವಳ ಗಂಡ, ಬಾಗಿಲಲ್ಲಿ ನಿಂತು ತನ್ನ ಕಾಲಬೆರಳು ನೋಡಿಕೊಳ್ಳುತ್ತಿದ್ದ. ಅಜ್ಜ ದನಿ ಏರಿಸಲಿಲ್ಲ.

"ತಂಗೀ, ಆ ಹರವಿ ಒಡದ ಹಾಕು. ಇಲ್ಲಾಂದ್ರ ತವರಿಗೆ ನಡಿ. ಕೂಸು ಈ ಮನೀದು, ಅದು ಇಲ್ಲೇ ಇರತೈತಿ."

ಚಿಗವ್ವ ಸೆರಗು ಹೊದ್ದು ನಿಂತೇ ಇದ್ದಳು. ಅಜ್ಜ ಎಲೆ ಅಡಿಕೆ ಹಾಕಿಕೊಂಡು ಅಗಿದು ಮುಗಿಸಿದ. "ಮೂಕಿ ಮುಂದ ಏನ ಕೇಳ್ತೀರಿ" ಎಂದಳು ಆಯಿ. ಆಗ ಚಿಗವ್ವ ಬಾಯಿ ತೆಗೆದಳು. ಮಾವನ ಎದುರಿಗೆ ಅವಳು ಒಂದು ಸಾಲು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ಮಾವಾರ, ಮಠದ ಅಯ್ಯನೋರಿಗೆ ಯಾಕ ನಾರು ಎದ್ದಿಲ್ಲರಿ?"

"ಅವರು ದೊಡ್ಡವರು. ಮೂರೂ ಹೊತ್ತು ಪೂಜಿ ಮಾಡ್ತಾರ."

"ಮಠದ ದನಾ ಕಾಯಾಂವ ಪೂಜಿ ಮಾಡಂಗಿಲ್ಲರಿ. ಜಳಕಾನೂ ಮಾಡಂಗಿಲ್ಲ. ಬಾಯಿ ತಗದ್ರ ಬೈಗಳಾ. ಅಂವಗೂ ಎದ್ದಿಲ್ಲ."

ಅಜ್ಜನಿಗೆ ನಗು ಬಂತು, ಮೀಸೆಯಲ್ಲೇ ಒರೆಸಿಕೊಂಡ.

"ಇಬ್ಬರೂ ಕುಡಿಯೂದು ಒಂದ ಬಾವಿ ನೀರರಿ. ಆ ನೀರಾಗ ಯಾರೂ ಕಾಲ ಇಡಂಗಿಲ್ಲ."

ಈಗ ಅಜ್ಜನ ಮುಖ ಕಪ್ಪಿಟ್ಟಿತು. "ಅಂದ್ರ ನನ್ನ ಕಾಲಿನಿಂದ ಊರಿಗೆ ರೋಗ ಅಂತೀ ಏನ?"

"ನಿಮ್ಮ ಕಾಲು ಅಂತಲ್ಲರಿ. ಹೋದ ವರ್ಷ ನನ್ನ ಕಾಲೂ ಅಲ್ಲೇ ಇತ್ತು. ಯಾರ ಮನಿ ಕೂಸು ಆ ನೀರ ಕುಡದೈತೋ ಏನೋ." ಮತ್ತೆ ಹೇಳಿದಳು. "ನನಗ ಪಕ್ಕಾ ಗೊತ್ತಿಲ್ಲರಿ. ಒಂದ ವರ್ಷ ಕೊಡ್ರಿ. ಎರಡು ಹರವಿ ಬ್ಯಾಡಂದ್ರ ಒಂದ ಇಡೂಣು. ಎಲ್ಲಾರೂ ಮಠದ ನೀರ ಕುಡೀರಿ. ಹೊತ್ತ ತರಾಕಿ ನಾನು."

ಅಜ್ಜ ಹಟಮಾರಿ, ಆದರೆ ಅಡ್ಡ ಮನುಷ್ಯ ಅಲ್ಲ. "ಆತು. ಮುಂದಿನ ಬ್ಯಾಸಿಗ್ಯಾಗ ಈ ಮನ್ಯಾಗ ಒಬ್ಬರಿಗೆ ಎದ್ರೂ ನೀ ನಡೀಬೇಕು. ಒಬ್ಬಾಕಿನ."

"ಹೂಂರಿ."

ಆ ವರ್ಷ ಅವಳು ಹೊತ್ತ ನೀರು ದೇವರೇ ಬಲ್ಲ. ಅಷ್ಟು ದೊಡ್ಡ ಮನೆಗೆ, ಅಷ್ಟು ದೂರದಿಂದ. ನೆತ್ತಿಯ ಮೇಲೆ ಕೂದಲು ಸವೆದು ಬೋಳಾಯಿತು. ಅಜ್ಜನ ಕಾಲಿಗೆಂದು ಅಂಗಳದಲ್ಲಿ ಒಂದು ಕಲ್ಲಿನ ಬಾನಿ ಇಟ್ಟು ತಣ್ಣೀರು ತುಂಬಿದಳು. ಸಂಜೆ ಆ ನೀರನ್ನು ಬಾವಿಯ ಕಡೆಗೆ ಹರಿಯದ ಹಾಗೆ ತಿಪ್ಪೆಗೆ ಚೆಲ್ಲುತ್ತಿದ್ದಳು. "ಕಾಲಿಗೆ ತಂಪು ಐತಿ, ಮಾತಿಗೆ ಮಂದಿ ಇಲ್ಲ" ಎಂದು ಅಜ್ಜ ಗೊಣಗುತ್ತಿದ್ದ. ಊರಿನವರು ನಕ್ಕರು. ಚಿಗವ್ವ ಯಾರಿಗೂ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದಕ್ಕೂ ತಾಕತ್ತು ಬೇಕು. ನನಗೆ ಅದು ಇಲ್ಲ, ಬಾಯಿ ಜೋರು.

ಮುಂದಿನ ಬೇಸಿಗೆ ಬಂತು. ಊರಲ್ಲಿ ಮನೆಮನೆಗೂ ನಾರು ಎದ್ದಿತು. ನಮ್ಮ ಮನೆಯಲ್ಲಿ ಅಜ್ಜನಿಗೆ ಇಲ್ಲ, ಅಪ್ಪನಿಗೆ ಇಲ್ಲ, ನಮಗೆ ಮಕ್ಕಳಿಗೆ ಇಲ್ಲ. ಅವ್ವ ಒಳಗೊಳಗೇ ಚಿಗವ್ವನ ಕಡೆಗೆ ವಾಲತೊಡಗಿದಳು. ಅಷ್ಟರಲ್ಲಿ ಒಂದು ಮುಂಜಾನೆ ಕಾಕಾ ಕುಂಟುತ್ತ ಹೊರಗೆ ಬಂದ. ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಬಿಳಿಯ ತುದಿ ಕಾಣುತ್ತಿತ್ತು. ಅವಳ ಗಂಡನಿಗೇ.

"ಮಾತಂದ್ರ ಮಾತು. ಗಂಟ ಕಟ್ಟು ಇನ್ನ" ಎಂದಳು ಆಯಿ.

ಚಿಗವ್ವ ಕಾಕಾನ ಹಿಮ್ಮಡಿ ನೋಡಿದಳು, ಆಮೇಲೆ ಮುಖ ನೋಡಿದಳು. ಒಳಗೆ ಹೋಗಿ ತನ್ನ ಎರಡು ಸೀರೆ ಮಡಿಸತೊಡಗಿದಳು. ಕೂಸು ಅವಳ ಸೆರಗು ಹಿಡಿದು ಜಗ್ಗುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ, ಎತ್ತಿಕೊಳ್ಳಲೂ ಇಲ್ಲ. ಎತ್ತಿಕೊಂಡಿದ್ದರೆ ಆಮೇಲೆ ಇಳಿಸುವುದು ಆಗುತ್ತಿರಲಿಲ್ಲವೇನೋ...

ಗಂಟು ಕಟ್ಟುವುದು ಮುಗಿಯುವ ಹೊತ್ತಿಗೆ ಪಡಸಾಲೆಯಿಂದ ಕಾಕಾನ ದನಿ ಬಂತು.

"ಅಪ್ಪಾ, ಆಕಿ ನೀರಿಂದ ತಪ್ಪಿಲ್ಲ. ನಾ ಗರಡಿ ಮುಗಿಸಿ ಮೆಟ್ಟಿಲ ಬಾವ್ಯಾಗ ಕುಡೀತಿದ್ದೆ. ದಿನಾ."

"ಯಾಕಲೇ? ಮನ್ಯಾಗ ನೀರ ಇರಲಿಲ್ಲೇನ?"

ಕಾಕಾ ಗೋಡೆ ನೋಡಿದ. "ಹೆಂಡ್ತಿ ಸೋಸಿದ ನೀರ ಕುಡಿಯಾಂವ ಬಂದ ಅಂತ ಗೆಳ್ಯಾರ ನಗ್ತಿದ್ರು. ಅವರ ಮುಂದ ಬೊಗಸಿ ತುಂಬಿ ಕುಡದ ತೋರಸ್ತಿದ್ದೆ."

ಆರಡಿ ಪೈಲ್ವಾನ. ಕುಸ್ತಿಯಲ್ಲಿ ಬಿದ್ದಾಗಲೂ ಅಷ್ಟು ತಲೆ ತಗ್ಗಿಸಿದವನಲ್ಲ. ಅಜ್ಜ ಸೊಸೆಯನ್ನು ಕರೆದ.

"ಇದು ನಿನಗ ಗೊತ್ತಿತ್ತೇನ?"

"ಇವತ್ತ ಕಾಲ ನೋಡಿದ ಮ್ಯಾಲೆ ತಿಳೀತರಿ. ಎಲ್ಲಾರಿಗೂ ಬಿಟ್ಟು ಇವರಿಗಷ್ಟ ಎದ್ದೈತಿ ಅಂದ್ರ, ಬ್ಯಾರೆ ಎಲ್ಲ್ಯೋ ಕುಡದಾರ."

"ಮತ್ತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು? ಗಂಟ ಕಟ್ಟಾಕ ಹೋದಿ?"

"ನಾ ಹೇಳಿದ್ರ ಅದು ಜಗಳಾ ಆಗ್ತಿತ್ತರಿ. ಅವರ ಹೇಳಿದ್ರ ಖರೇ ಆಗ್ತೈತಿ."

ಕೂಸನ್ನು ಕಳೆದುಕೊಳ್ಳುವ ಹೊತ್ತಿನಲ್ಲೂ ಅವಳ ತಲೆ ಅಷ್ಟು ನೆಟ್ಟಗೆ ನಡೆಯುತ್ತಿತ್ತು. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೆಲವರು, ಎಂಥ ಕಲ್ಲು ಹೆಂಗಸು ಎನ್ನುತ್ತಾರೆ. ಅವರಿಗೆ ತಿಳಿಯಲಿಲ್ಲ ಎಂದು ಬಿಟ್ಟುಬಿಡುತ್ತೇನೆ. ಗಂಡ ನಿಜ ಹೇಳುತ್ತಾನೆಂದು ಅವಳು ನಂಬಿದ್ದಳು. ಅವನನ್ನೂ ಅವಳು ಅಷ್ಟು ವರ್ಷ ನೋಡುತ್ತಲೇ ಇದ್ದಳಲ್ಲ.

ಅಜ್ಜ ಅವಳನ್ನು ಹೊಗಳಲಿಲ್ಲ. ಮರುದಿನ ಗೌಂಡಿಗಳನ್ನು ಕರೆಸಿ ತನ್ನ ಅಪ್ಪ ಕಟ್ಟಿಸಿದ ಮೆಟ್ಟಿಲುಗಳನ್ನು ಮುಚ್ಚಿಸಿದ. ಹಳೆಯ ನೀರನ್ನೆಲ್ಲ ಎತ್ತಿ ಹಾಕಿಸಿ, ಸುತ್ತ ಕಟ್ಟೆ ಎತ್ತರಿಸಿ, ಮೇಲೆ ಗಾಲಿ ಕೂಡಿಸಿದ. ನಾರು ಎದ್ದವರಿಗೆ ಅವರವರ ಮನೆಯಲ್ಲೇ ಬಾನಿ ಇಡಿರೆಂದು ಡಂಗುರ ಹೊಡೆಸಿದ. ಇಳಿದು ತುಂಬಿಕೊಳ್ಳುವ ಸುಖ ಹೋಯಿತೆಂದು ಊರಿನ ಹೆಂಗಸರು ಹಗ್ಗ ಜಗ್ಗುತ್ತ ಚಿಗವ್ವನಿಗೆ ಬೈದರು. "ರಟ್ಟಿ ಬಿದ್ದು ಹೋದ್ವು, ಆ ಗುಮ್ಮನಗುಸಕಿ ದೆಸಿಂದ." ಚಿಗವ್ವ ಅವರ ಪಕ್ಕದಲ್ಲೇ ನಿಂತು ತನ್ನ ಕೊಡ ಸೇದಿಕೊಂಡು ಬರುತ್ತಿದ್ದಳು. ಒಂದೆರಡು ಬೇಸಿಗೆ ಕಳೆಯುವುದರಲ್ಲಿ ಬೈಗಳು ತಾವಾಗೇ ನಿಂತವು. ನಮ್ಮಣ್ಣನ ಕಾಲು ಮಾತ್ರ ಕಡೆಯ ತನಕ ಹಾಗೇ ಉಳಿಯಿತು. ಅವಳು ನಮ್ಮ ಮನೆಗೆ ಕೆಲವು ವರ್ಷ ಮೊದಲೇ ಬಂದಿದ್ದರೆ ಎಂದು ನಮ್ಮವ್ವ ಒಮ್ಮೊಮ್ಮೆ ಅನ್ನುತ್ತಿದ್ದಳು...

ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದೆ. ಚಿಗವ್ವ ತೀರಿಕೊಂಡಾಗ ಹೋಗಿದ್ದೆ. ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುವುದು ನಮ್ಮ ಕಡೆಯ ಪದ್ಧತಿ. ಅವತ್ತು ಹೆಂಗಸರು ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಏನೆಂದು ಹಾಡುವುದು? ಎದ್ದ ರೋಗ ವಾಸಿ ಮಾಡಿದವರಿಗೆ ಹಾಡು ಇದೆ. ಏಳದೆ ಉಳಿದ ರೋಗ ಯಾರ ಕಣ್ಣಿಗೂ ಕಾಣುವುದಿಲ್ಲ. ಕಡೆಗೆ, ಬಂಗಾರದಂಥ ಬಾಯಿ ಎಂದು ಯಾರೋ ಶುರು ಮಾಡಿದರು. ಬಾಯಿಯೇ ಬಿಡದವಳಿಗೆ. ಅಳುವ ಹೊತ್ತಿನಲ್ಲಿ ನನಗೆ ನಗು ಬಂತು. ಅವಳಿದ್ದರೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದಳು.

ಹೋದ ವರ್ಷ ಆ ಕೂಸೂ ಹೋದ. ಕೂಸು ಎಂದರೆ ನನಗಿಂತ ಕೆಲವು ವರ್ಷ ಚಿಕ್ಕವನು, ಮೊಮ್ಮಕ್ಕಳನ್ನು ಕಂಡವನು, ಧಾರವಾಡಕ್ಕೆ ನಡೆದೇ ಹೋಗಿ ನಡೆದೇ ಬರುತ್ತಿದ್ದವನು. ಮಣ್ಣಿಗೆ ಒಯ್ಯುವ ಮೊದಲು ಮೈ ತೊಳೆದು, ಕಾಲು ಮಡಚಿ, ಗೋಡೆಗೆ ಆನಿಸಿ ಕೂಡಿಸಿದರು. ನಾನು ಹತ್ತಿರ ಹೋಗಿ ಎರಡೂ ಕಾಲು ಮುಟ್ಟಿ ನೋಡಿದೆ. ಹಿಮ್ಮಡಿ, ಮೀನಖಂಡ, ಮೊಣಕಾಲು. ಒಂದು ಕಲೆ ಇಲ್ಲ.

"ನೋಡ್ರಿ, ಒಂದ ಕಲಿ ಇಲ್ಲ" ಎಂದು ಅವನ ಮಕ್ಕಳಿಗೆ ತೋರಿಸಿದೆ.

ಅತ್ತೆಗೆ ವಯಸ್ಸಾಯಿತು, ಏನೋ ಅನ್ನುತ್ತಾಳೆ ಎಂದುಕೊಂಡರು. ಒಬ್ಬಳು ಮೆಲ್ಲಗೆ ನನ್ನ ಕೈ ಹಿಡಿದು ಈಚೆಗೆ ಕರೆತಂದು ಕೂಡಿಸಿದಳು. ಆ ಕಾಲುಗಳನ್ನು ನೋಡಿ ಓದಬಲ್ಲವರು ಆ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ.